ಉಳಿ ತಾಕುವ ಮುನ್ನ

ಶ್ರೀಗಂಧದ ತುಂಡೊಂದು ಸೊರಬದ ಗುಡಿಗಾರರ ಕೈಗೆ ಬರುವ ಹೊತ್ತಿಗೆ ಅದಕ್ಕೆ ಹಲವು ದಶಕಗಳ ವಯಸ್ಸಾಗಿರುತ್ತದೆ. ಪರಿಮಳವೆಲ್ಲ ಇರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇಲ್ಲ. ಗಿಡಕ್ಕೆ ಹತ್ತು ಹದಿನೈದು ವರ್ಷವಾದಾಗ ಚೇಗು ಕಟ್ಟಲು ಶುರುವಾದರೂ ಕೆತ್ತನೆಗೆ ಒದಗುವಷ್ಟು ದಪ್ಪವಾಗಲು ಇನ್ನೂ ಅಷ್ಟೇ ವರ್ಷ, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಕಾಯಬೇಕು. ತೂಕದ ಲೆಕ್ಕದಲ್ಲಿ ಮಾರಾಟವಾಗುವ ಮರ ಇದು. ಕೆತ್ತುವಾಗ ಉದುರುವ ಚಕ್ಕೆಗೂ ಪುಡಿಗೂ ಬೆಲೆ ಇದೆ. ಇಂಥ ಮರದ ಮೇಲೆ ಉಳಿ ಇಟ್ಟು ಒಮ್ಮೆ ತೆಗೆದದ್ದನ್ನು ಮತ್ತೆ ಹಚ್ಚುವಂತಿಲ್ಲ. ಪರದೆಯ ಮೇಲೆ ವಿನ್ಯಾಸ ಮಾಡುವವರಿಗೆ ಗುಂಡಿ ಒತ್ತಿ ಹಿಂದಕ್ಕೆ ಹೋಗುವ ಸೌಕರ್ಯವಿದೆ. ಮರ ಕೆತ್ತುವವರಿಗೆ ಅದಿಲ್ಲ.

ಆದ್ದರಿಂದಲೇ ವಿನ್ಯಾಸಕಾರರ ಅನುಭವ ಎಲ್ಲಿ ಕಾಣುತ್ತದೆ ಎಂದು ತಿಳಿಯಲು ಈ ಕಸುಬು ಬಹಳ ಒಳ್ಳೆಯ ಜಾಗ. ಮುಗಿದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಇದು ಎಷ್ಟು ವರ್ಷ ಪಳಗಿದ ಕೈ ಎಂದು ಹೇಳುವುದು ಕಷ್ಟ, ಏಕೆಂದರೆ ಶ್ರದ್ಧೆಯಿರುವ ಹೊಸಬನೂ ಎಲೆಯೊಂದನ್ನು ಚೆನ್ನಾಗಿಯೇ ಕೆತ್ತಬಲ್ಲ. ಅದೇ ಪೆಟ್ಟಿಗೆ ತಯಾರಾಗುವಾಗ ಪಕ್ಕದಲ್ಲಿ ಕುಳಿತು ನೋಡಿದರೆ ವ್ಯತ್ಯಾಸ ಬೇಗ ಸಿಗುತ್ತದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ನಿಲ್ಲುತ್ತದೆ, ಎಷ್ಟು ಹೊತ್ತು ಬರೀ ನೋಡುತ್ತಾ ಕೂರುತ್ತಾರೆ ಎಂಬ ಅನುಕ್ರಮದಲ್ಲಿ ಅನುಭವ ಅಡಗಿರುತ್ತದೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಮನೋವಿಜ್ಞಾನಿಗಳೂ ವಿನ್ಯಾಸದ ಸಂಶೋಧಕರೂ ಬೇರೆ ಬೇರೆ ದಾರಿಯಲ್ಲಿ ಬಂದು ತಲುಪಿದ್ದು ಹೆಚ್ಚುಕಡಿಮೆ ಈ ತೀರ್ಮಾನವನ್ನೇ.

ಗುಡಿಗಾರರು ಸೊರಬ, ಸಾಗರ, ಶಿರಸಿ ಮತ್ತು ಕರಾವಳಿಯ ಕೆಲವು ಊರುಗಳಲ್ಲಿ ನೆಲೆಸಿದ ಕುಶಲಕರ್ಮಿ ಸಮುದಾಯ. ಗಂಧದ ಕೆತ್ತನೆಯಿಂದ ಹೆಸರಾದವರು, ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವವರೂ ಗಣಪತಿ ಮಾಡುವವರೂ ಹೌದು. ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇವರ ಕೆಲಸದ ಕ್ರಮವನ್ನು ದಾಖಲಿಸಿದ್ದಾರೆ. ಹದಕ್ಕೆ ಬಂದ ಮರದ ಮೇಲ್ಮೈಯನ್ನು ಮೊದಲು ನುಣುಪು ಮಾಡುತ್ತಾರೆ. ಅದಕ್ಕೆ ಬಿಳಿ ಬಳಿದು ನೇರವಾಗಿ ಚಿತ್ರ ಬರೆಯುತ್ತಾರೆ, ಇಲ್ಲವೇ ಕಾಗದದ ಮೇಲೆ ಬರೆದು ಅಂಟಿಸುತ್ತಾರೆ. ಹೊರಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ನಡುವಣ ಜಾಗವನ್ನು ತಗ್ಗಿಸಿ ಚಿತ್ತಾರ ಮೇಲೆದ್ದು ನಿಲ್ಲುವಂತೆ ಮಾಡುತ್ತಾರೆ. ಕೊನೆಗೆ ಎಲೆಯ ಬಾಗು, ದೇವರ ಮುಖ, ಪ್ರಾಣಿಯ ಮೈ ಒಂದೊಂದಾಗಿ ರೂಪ ತಳೆಯುತ್ತವೆ. ಬಳ್ಳಿಗಳ ಹೆಣಿಗೆ ಮರದ ಮೈಯನ್ನು ಒಂದು ಎಳ್ಳಿನಷ್ಟೂ ಖಾಲಿ ಬಿಡದೆ ಆವರಿಸುತ್ತದೆ. ಒಂದು ಮೇಜುಪೆಟ್ಟಿಗೆಗೆ ತಿಂಗಳುಗಟ್ಟಲೆ ದುಡಿಮೆ ಬೇಕಾಗುತ್ತದೆಂದೂ ಕೆತ್ತುವವರ ಕಣ್ಣು ಬೇಗ ಮಂಜಾಗುತ್ತದೆಂದೂ ರೈಸ್ ಬರೆದಿದ್ದಾರೆ.

ಈ ಕ್ರಮದಲ್ಲಿ ಕಾಗದಕ್ಕೆ ಸಿಕ್ಕುವುದು ಉದ್ದಗಲ ಮಾತ್ರ. ಆಳ ಕಾಗದದ ಮೇಲಿಲ್ಲ. ಬಳ್ಳಿಯ ಮೇಲೆ ಹಾದುಹೋಗುವ ಇನ್ನೊಂದು ಬಳ್ಳಿ ಎಷ್ಟು ಎತ್ತರದಲ್ಲಿರಬೇಕು, ಅದರ ಕೆಳಗೆ ಕುಳಿತ ಹಕ್ಕಿಯ ಬೆನ್ನಿಗೆ ಎಷ್ಟು ಮರ ಉಳಿಸಬೇಕು ಎಂಬುದನ್ನು ಯಾವ ಗೆರೆಯೂ ಹೇಳುವುದಿಲ್ಲ. ಜೊತೆಗೆ, ಕೊರೆಯುತ್ತಾ ಹೋದಂತೆ ಅಂಟಿಸಿದ ಕಾಗದವೇ ಕಳಚಿಹೋಗುತ್ತದೆ. ಅರ್ಧ ಕೆಲಸದ ಹೊತ್ತಿಗೆ ವಿನ್ಯಾಸ ಉಳಿದಿರುವುದು ಕೆತ್ತುವವನ ತಲೆಯಲ್ಲಿ ಮಾತ್ರ. ಹೊಸಬ ತಡವರಿಸುವುದು ಇಲ್ಲೇ.

ಪೆಟ್ಟಿಗೆಯ ಮುಚ್ಚಳದ ಅಂಚಿನಲ್ಲಿ ಸುತ್ತ ಓಡುವ ಬಳ್ಳಿಯನ್ನು ತೆಗೆದುಕೊಳ್ಳೋಣ. ಹೊಸಬ ಒಂದು ಮೂಲೆಯಿಂದ ಹೊರಡುತ್ತಾನೆ. ಸುರುಳಿಯ ಮೇಲೆ ಸುರುಳಿ ಬರೆಯುತ್ತಾ, ಪ್ರತಿ ಎಲೆಯನ್ನೂ ಅಚ್ಚುಕಟ್ಟಾಗಿ ತುಂಬುತ್ತಾ ಮುಂದಿನ ಮೂಲೆಗೆ ಬಂದರೆ ಅಲ್ಲಿ ಮುಕ್ಕಾಲು ಸುರುಳಿಗೆ ಮಾತ್ರ ಜಾಗ ಉಳಿದಿರುತ್ತದೆ. ಬಳ್ಳಿ ತಿರುಗುವುದಿಲ್ಲ. ಅಳಿಸಿ ಮತ್ತೆ ಬರೆಯುತ್ತಾನೆ, ಈ ಸಲ ಸುರುಳಿಗಳನ್ನು ಸ್ವಲ್ಪ ಹಿಂಡಿ. ಆಗ ಎರಡನೆಯ ಮೂಲೆ ಸರಿಹೋಗಿ ಮೂರನೆಯದರಲ್ಲಿ ಅದೇ ಪಾಡು. ಪಳಗಿದವನು ನಾಲ್ಕು ಮೂಲೆಗಳನ್ನೂ ಪ್ರತಿ ಬದಿಯ ನಡುವನ್ನೂ ಮೊದಲು ಗುರುತಿಸಿಕೊಳ್ಳುತ್ತಾನೆ. ಬಳ್ಳಿ ಎಲ್ಲಿ ತಿರುಗಬೇಕೋ ಅಲ್ಲಿಂದಲೇ ಅವನ ಚಿತ್ರ ಹುಟ್ಟುತ್ತದೆ. ನಡುವಿನ ಸುರುಳಿಗಳು ಉಳಿದ ಜಾಗಕ್ಕೆ ಹೊಂದಿಕೊಂಡು ಬರುತ್ತವೆ, ಎಲೆಗಳಂತೂ ಕಟ್ಟಕಡೆಗೆ. ಗೆರೆಗಳೂ ಕಡಿಮೆ: ಸುರುಳಿಯ ನಡುಬಿಂದು ಗೊತ್ತಿದ್ದರೆ ಎಲೆಯನ್ನು ಬರೆದುಕೊಳ್ಳುವ ಅಗತ್ಯ ಅವನಿಗಿಲ್ಲ.

ಇದೇ ತೊಡಕು ಸೊರಬ, ಸಾಗರದ ಕಡೆ ದೀವರ ಹೆಣ್ಣುಮಕ್ಕಳಿಗೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಗೋಡೆಯ ಹಸೆ ಚಿತ್ತಾರಕ್ಕೆ ನಾಲ್ಕು ಅಂಚುಗಳಿವೆ, ಬುಟ್ಟಿಗೆ ಅಂಚೂ ಇಲ್ಲ, ಮೂಲೆಯೂ ಇಲ್ಲ. ಸುತ್ತು ಬಂದ ಸಾಲು ಹೊರಟ ಜಾಗಕ್ಕೇ ಬಂದು ಕೂಡಬೇಕು. ಮೇಲಕ್ಕೆ ಹೋದಂತೆ ಬುಟ್ಟಿಯ ಸುತ್ತಳತೆಯೂ ಹಿಗ್ಗುತ್ತದೆ. ಅಳತೆಪಟ್ಟಿ ಇಲ್ಲದೆ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆಗಳು ಕೂಡುವ ಕಡೆ ತಪ್ಪದೆ ಕೂಡುತ್ತವೆಂದರೆ ಆ ಲೆಕ್ಕ ಮೊದಲ ಗೆರೆಗೂ ಮುಂಚೆ ನಡೆದಿರಬೇಕು.

ಲೆಕ್ಕ ಮೊದಲೇ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಚದುರಂಗದ ಹಲಗೆಯಿಂದ. ನೆದರ್ಲೆಂಡ್ಸ್‌ನ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲಿ ಆರಂಭಿಸಿದ ಅಧ್ಯಯನವನ್ನು ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಮುಂದುವರಿಸಿದರು. ನಿಜವಾದ ಆಟದ ನಡುವಿನ ಒಂದು ಹಂತವನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಮತ್ತೆ ಇಟ್ಟ, ಹೊಸಬನಿಗೆ ನೆನಪಾದದ್ದು ನಾಲ್ಕಾರು ಮಾತ್ರ. ಆದರೆ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಹರಡಿ ತೋರಿಸಿದಾಗ ನುರಿತವನ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ. ಅವನು ಕೆಲವು ಕಾಯಿಗಳ ಗುಂಪನ್ನು ಒಂದೇ ಘಟಕವಾಗಿ ಕಾಣುತ್ತಿದ್ದ.

ಕೆತ್ತನೆಗೂ ಇದು ಒಪ್ಪುತ್ತದೆ. ಹೊಸಬನ ಕಣ್ಣಿಗೆ ಎಲೆ, ತೊಟ್ಟು, ಮೊಗ್ಗು, ಗೆರೆ ಎಲ್ಲ ಬೇರೆ ಬೇರೆ. ಪಳಗಿದವನಿಗೆ ಒಂದು ಸುತ್ತಿನ ಬಳ್ಳಿ ಒಂದೇ ವಸ್ತು, ಇಡೀ ಅಂಚು ಅಂಥ ಕೆಲವೇ ವಸ್ತುಗಳ ಸಾಲು. ಅಷ್ಟನ್ನು ಮನಸ್ಸಿನಲ್ಲೇ ಆಚೀಚೆ ಸರಿಸಿ ನೋಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಾಗಲಿ ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರದಲ್ಲಾಗಲಿ ಗುಡಿಯ ಕೆತ್ತನೆಯನ್ನು ಸುಮ್ಮನೆ ನಿಂತು ನೋಡಿ. ಮೊದಲಿಗೆ ಕಣ್ಣು ಕಂಗೆಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕೆಲವೇ ಮಾದರಿಗಳು ಅಳತೆ ಬದಲಿಸಿ, ದಿಕ್ಕು ಬದಲಿಸಿ ಮರುಕಳಿಸುವುದು ಕಾಣುತ್ತದೆ. ನೋಡುಗನಿಗೆ ಹಾಗೆ ಕಾಣತೊಡಗಿದ್ದೇ ಕಲಿಕೆಯ ಮೊದಲ ಮೆಟ್ಟಿಲು.

ಕೆಲಸದ ಓಟವನ್ನೇ ನೇರವಾಗಿ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಸಯೀಮಾ ಅಹ್ಮದ್, ಕೆನ್ ವ್ಯಾಲೇಸ್ ಮತ್ತು ಲೂಸಿಯೆನ್ ಬ್ಲೆಸಿಂಗ್ ವಿಮಾನೋದ್ಯಮದ ವಿನ್ಯಾಸಕಾರರು ತಮ್ಮ ಮೇಜಿನ ಮುಂದೆ ಹೇಗೆ ದುಡಿಯುತ್ತಾರೆಂದು ಗಮನಿಸಿದರು. ಹೊಸಬರದು ಮಾಡಿ ನೋಡುವ ದಾರಿ: ಒಂದು ಉಪಾಯ ಹೊಳೆಯಿತು, ಅದನ್ನು ಪೂರ್ತಿ ಮಾಡಿದರು, ಆಮೇಲೆ ಪರಿಶೀಲಿಸಿದರು, ಹೊಂದಲಿಲ್ಲ, ಮತ್ತೆ ಮೊದಲಿನಿಂದ. ಅನುಭವಿಗಳು ಉಪಾಯಕ್ಕೂ ಅನುಷ್ಠಾನಕ್ಕೂ ನಡುವೆ ಇನ್ನೊಂದು ಹೆಜ್ಜೆ ಸೇರಿಸಿದ್ದರು. ಮಾಡುವ ಮೊದಲೇ ಒಂದು ಸುತ್ತು ತೂಗಿ ನೋಡುತ್ತಿದ್ದರು. ಈ ದಾರಿ ಹಿಡಿಯುವುದು ಸಾರ್ಥಕವೇ, ಹಿಂದೆ ಇಂಥದ್ದು ಮಾಡಿದಾಗ ಏನಾಯಿತು, ಇದನ್ನು ಪಡೆಯಲು ಏನನ್ನು ಬಿಟ್ಟುಕೊಡಬೇಕು, ಕೈಗೆ ಕೊಟ್ಟ ಅಂಕಿಅಂಶವನ್ನು ನಂಬಬಹುದೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹೊಸಬರಿಗೆ ಈ ಪ್ರಶ್ನೆಗಳ ಉತ್ತರ ಗೊತ್ತಿಲ್ಲದಿರುವುದು ದೊಡ್ಡ ಮಾತಲ್ಲ. ಕೇಳಬೇಕಾದ ಪ್ರಶ್ನೆಗಳೇ ಅವರಿಗೆ ಹೊಳೆಯುವುದಿಲ್ಲ.

ಸಿಂಥಿಯಾ ಆಟ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಸಂಗತಿ ಇದೆ. ಮಕ್ಕಳ ಆಟದ ಮೈದಾನವೊಂದನ್ನು ವಿನ್ಯಾಸ ಮಾಡುವ ಕೆಲಸವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ವೃತ್ತಿನಿರತ 19 ಎಂಜಿನಿಯರುಗಳಿಗೂ ಕೊಟ್ಟರು. ವೃತ್ತಿನಿರತರು ಬೇಗ ಮುಗಿಸಿರಬೇಕೆಂದು ಯಾರಾದರೂ ಊಹಿಸಬಹುದು. ಅವರು ತೆಗೆದುಕೊಂಡದ್ದು ಹೆಚ್ಚು ಹೊತ್ತು. ಸಮಸ್ಯೆ ಏನೆಂದು ಬಿಡಿಸಿಕೊಳ್ಳಲು, ಬೇಕಾದ ಮಾಹಿತಿ ಕೇಳಿ ಪಡೆಯಲು ಅವರ ಸಮಯ ಹೋಗುತ್ತಿತ್ತು. ಅನುಭವ ಎಂದರೆ ವೇಗ ಎಂದು ನಂಬಿ ಗಿರಾಕಿಗಳೂ ಮಾಲೀಕರೂ ಅವಸರಪಡಿಸುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಲೇಬೇಕು: ಪಳಗಿದವರು ಸುಮ್ಮನೆ ಕುಳಿತಂತೆ ಕಾಣುವ ಗಳಿಗೆಯಲ್ಲಿ ಕೆಲಸದ ಬಹು ಮುಖ್ಯ ಭಾಗ ನಡೆಯುತ್ತಿರುತ್ತದೆ.

ಇಲ್ಲಿ ಒಂದು ಗೊಂದಲ ಬರಬಹುದು. ಬ್ರಿಟನ್ನಿನ ಬ್ರಯನ್ ಲಾಸನ್ 1970ರ ದಶಕದಲ್ಲಿ ಬಣ್ಣದ ಮರದ ತುಂಡುಗಳನ್ನು ಜೋಡಿಸುವ ಕೆಲಸ ಕೊಟ್ಟು ಮಾಡಿದ ಪ್ರಯೋಗ ಬಲು ಪ್ರಸಿದ್ಧ. ಆ ಜೋಡಣೆಗೆ ಗುಟ್ಟಾಗಿಟ್ಟ ಒಂದು ನಿಯಮವೂ ಇತ್ತು. ವಿಜ್ಞಾನದ ಹಿರಿಯ ವಿದ್ಯಾರ್ಥಿಗಳು ಆ ನಿಯಮವನ್ನೇ ಪತ್ತೆಹಚ್ಚಲು ಹೊರಟರು. ವಾಸ್ತುಶಿಲ್ಪದ ಹಿರಿಯ ವಿದ್ಯಾರ್ಥಿಗಳು ಒಂದು ಉತ್ತರವನ್ನು ಜೋಡಿಸಿ, ಅದು ಒಪ್ಪದಿದ್ದರೆ ಇನ್ನೊಂದನ್ನು ಮುಂದಿಟ್ಟು, ಉತ್ತರಗಳ ಮೂಲಕವೇ ಸಮಸ್ಯೆಯನ್ನು ಅರಿತರು. ಆಗಷ್ಟೇ ಕಾಲೇಜು ಸೇರಿದ ಮಕ್ಕಳಲ್ಲಿ ಈ ಎರಡೂ ದಾರಿಗಳು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾದರೆ ಅನುಭವಿಗಳೂ ಮಾಡಿ ನೋಡುವವರೇ ಅಲ್ಲವೇ?

ಹೌದು, ಆದರೆ ಎಲ್ಲಿ ಮಾಡಿ ನೋಡುತ್ತಾರೆ ಎಂಬುದು ಮುಖ್ಯ. ಉತ್ತರವನ್ನು ಬೇಗ ಮುಂದಿಟ್ಟು ಪರೀಕ್ಷಿಸುವ ಅಭ್ಯಾಸ ಪಳಗಿದ ವಿನ್ಯಾಸಕಾರರಲ್ಲಿ ಎಲ್ಲೆಡೆ ಇದೆ. ಆ ಪರೀಕ್ಷೆ ನಡೆಯುವುದು ಅಗ್ಗದ ಜಾಗದಲ್ಲಿ: ಮನಸ್ಸಿನಲ್ಲಿ, ಕಾಗದದ ಚೂರಿನಲ್ಲಿ, ಬಿಳಿ ಬಳಿದ ಮರದ ಮೈಮೇಲಿನ ಸೀಸದ ಗೆರೆಯಲ್ಲಿ. ಗೆರೆ ಎಳೆದು, ಗೆರೆ ಏನು ಹೇಳುತ್ತದೆಂದು ನೋಡಿ, ಮುಂದಿನ ಗೆರೆ ಎಳೆಯುವ ಈ ಕ್ರಮವನ್ನು ಅಮೆರಿಕದ ಡೊನಾಲ್ಡ್ ಶ್ಯೋನ್ 1983ರಲ್ಲಿ ಸಾಮಗ್ರಿಯ ಜೊತೆಗಿನ ಸಂಭಾಷಣೆ ಎಂದು ವಿವರಿಸಿದರು. ಗಂಧದ ಮರದಲ್ಲಿ ಆ ಸಂಭಾಷಣೆ ಉಳಿಯಿಟ್ಟ ಮೇಲೂ ಮುಂದುವರಿಯುತ್ತದೆ. ನಾರಿನ ದಿಕ್ಕಿಗೆ ಎದುರಾಗಿ ತಳ್ಳಿದರೆ ಉಳಿ ಸಿಗಿಯುತ್ತದೆ. ಗಂಟು ಬಂದಲ್ಲಿ ಸದ್ದೇ ಬದಲಾಗುತ್ತದೆ. ಚಕ್ಕೆ ಏಳುವ ಬಗೆಯಲ್ಲೇ ಮುಂದಿನ ಏಟು ಎಷ್ಟು ಹಗುರವಿರಬೇಕೆಂದು ಕೈಗೆ ತಿಳಿಯುತ್ತದೆ. ಹೊಸಬ ಸದ್ದು ಕೇಳಿದರೂ ಅದನ್ನು ಮಾಹಿತಿ ಎಂದು ಎಣಿಸುವುದಿಲ್ಲ.

ಶಿಕಾರಿಪುರ ತಾಲ್ಲೂಕು ಇಂಥ ಮುಂದಾಲೋಚನೆಗೆ ಬಹಳ ಹಳೆಯ ಸಾಕ್ಷಿ ಒದಗಿಸುತ್ತದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬದ ಮೇಲೆ ಕದಂಬರ ವಂಶಚರಿತೆ ಇದೆ. ಐದನೇ ಶತಮಾನದ, ಶಾಂತಿವರ್ಮನ ಕಾಲದ ಶಾಸನ. ಸಂಸ್ಕೃತದಲ್ಲಿ ಅದನ್ನು ರಚಿಸಿದ ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಶಾಸನವೇ ಹೇಳುತ್ತದೆ. ಸಾಲುಗಳು ಅಡ್ಡಡ್ಡ ಇಲ್ಲ, ಕಂಬದ ಬುಡದಿಂದ ಮೇಲಕ್ಕೆ ಓಡುತ್ತವೆ. ಗಟ್ಟಿ ಕಲ್ಲು, ಇಕ್ಕಟ್ಟಾದ ಮುಖಗಳು, ಅಕ್ಷರ ತಪ್ಪಿದರೆ ಒರೆಸುವ ಉಪಾಯವಿಲ್ಲ. ಪದ್ಯಗಳ ಉದ್ದ, ಅಕ್ಷರದ ಗಾತ್ರ, ಕಂಬದ ಎತ್ತರ ಈ ಮೂರನ್ನೂ ಹೊಂದಿಸಿಕೊಂಡೇ ಕೆಲಸಕ್ಕೆ ಇಳಿಯಬೇಕಿತ್ತು. ಈ ಶಾಸನವನ್ನು 1894ರಲ್ಲಿ ಬೆಳಕಿಗೆ ತಂದವರೂ ಅದೇ ರೈಸ್.

ಅಲ್ಲಿಗೆ ಹತ್ತಿರದ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಠ, ಗುಡಿ, ವಿದ್ಯಾಕೇಂದ್ರಗಳಿಂದ ತುಂಬಿದ ಪಟ್ಟಣವಾಗಿತ್ತು. ಇಲ್ಲಿನ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಚೆನ್ನಕೇಶವ ಗುಡಿಯಲ್ಲಿ ದುಡಿದರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪನೆ ಮಾಡಿಸಿದ ಗುಡಿ ಅದು. ಮದನಿಕೆಯರ ಕೆಳಗಿನ ಬರಹಗಳಿಂದ ತಂದೆಯ ಕೆಲಸ ಯಾವುದು, ಮಗನದು ಯಾವುದು ಎಂದು ಗುರುತಿಸಲು ಸಾಧ್ಯವಾಗಿದೆ. ಮದನಿಕೆಯನ್ನು ಬಿಡಿ ವಿಗ್ರಹದಂತೆ ನೋಡಿದರೆ ಅದರ ವಿನ್ಯಾಸದ ಕಷ್ಟ ಅರ್ಧ ಮಾತ್ರ ಕಾಣುತ್ತದೆ. ಕಂಬದ ತಲೆಗೂ ಚಾಚಿದ ಸೂರಿಗೂ ನಡುವೆ, ಮುಂದಕ್ಕೆ ವಾಲಿ ನಿಲ್ಲುವ ಶಿಲ್ಪ ಅದು. ನೋಡುವವರು ಕೆಳಗಿರುತ್ತಾರೆ. ಕೆತ್ತುವಾಗ ಕಣ್ಣಿನ ಮಟ್ಟದಲ್ಲಿರುವ ಮುಖ, ಕೂರಿಸಿದ ಮೇಲೆ ಎತ್ತರದಿಂದ ಕೆಳಗೆ ಬಗ್ಗಿ ನೋಡಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಸಣ್ಣ ಒಡವೆಯನ್ನೂ ಬಿಡಿಸಿ ಕೆತ್ತುವ ಅವಕಾಶ ಆ ಕಲ್ಲಿನಿಂದ ಬಂತು, ಯಾವುದನ್ನು ಎಲ್ಲಿ ಬಿಡಿಸಬೇಕೆಂಬ ನಿರ್ಧಾರ ಶಿಲ್ಪಿಯಿಂದ.

ಮುಂದಿನ ತಲೆಮಾರುಗಳ ರೂವಾರಿ ಮಲ್ಲಿತಮ್ಮನ ಸಹಿಗಳನ್ನು ಹಿಂಬಾಲಿಸಿದರೆ ಒಬ್ಬ ವಿನ್ಯಾಸಕಾರ ಬೆಳೆದ ಬಗೆಯೇ ಕಾಣುತ್ತದೆ. ತರೀಕೆರೆ ಬಳಿಯ ಅಮೃತಪುರದಲ್ಲಿ, 1196ರ ಅಮೃತೇಶ್ವರ ಗುಡಿಯಲ್ಲಿ, ಮಂಟಪದ ಛಾವಣಿಯ ಅಲಂಕಾರದಲ್ಲಿ ಅವನ ಹೆಸರು ಬರುತ್ತದೆ. ಹದಿಮೂರನೇ ಶತಮಾನದ ನಡುವಿನ ನುಗ್ಗೇಹಳ್ಳಿಯಲ್ಲಿ ಗುಡಿಯ ಒಂದು ಪಾರ್ಶ್ವ ಅವನ ಹೊಣೆ, ಇನ್ನೊಂದು ಪಾರ್ಶ್ವ ಬೈಚೋಜನದು. ಸೋಮನಾಥಪುರದಲ್ಲಿ ಅವನ ಸಹಿ ಮತ್ತೆ ಮತ್ತೆ ಸಿಗುತ್ತದೆ. ಈ ಎಲ್ಲ ಸಹಿಗಳೂ ಒಬ್ಬನವೇ ಎಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಹಾಗೆ ನೋಡಿದರೆ ಅದು ಅರವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆ, ಛಾವಣಿಯ ಹೂಬಳ್ಳಿಯಿಂದ ಗೋಡೆಯ ಮುಖ್ಯ ಮೂರ್ತಿಗಳವರೆಗಿನ ಪಯಣ.

ಅನುಭವಕ್ಕೆ ತನ್ನದೇ ಅಪಾಯವೂ ಇದೆ, ಅದನ್ನು ಮರೆಮಾಚಬಾರದು. ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚೆಲ್ಲದ ಕಾಫಿ ಲೋಟವೊಂದನ್ನು ವಿನ್ಯಾಸ ಮಾಡಲು ಹೇಳಿ ಒಂದು ಮಾದರಿ ತೋರಿಸಿದರು. ಮಾದರಿಯಲ್ಲಿ ಹೀರುವ ಕೊಳವೆ ಇತ್ತು. ಕೊಳವೆ ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದರೂ ಎಷ್ಟೋ ಮಂದಿ ಕೊಳವೆಯನ್ನೇ ಬರೆದರು. ಕಂಡದ್ದಕ್ಕೆ ಕಟ್ಟಿಬೀಳುವ ಈ ಗುಣ ವೃತ್ತಿಪರರನ್ನೂ ಬಿಡುವುದಿಲ್ಲ. ಸಾವಿರ ಸಲ ಬರೆದ ಬಳ್ಳಿ ಕೈಗೆ ಅಷ್ಟು ಸಲೀಸಾಗಿ ಬರುವಾಗ ಹೊಸ ಬಳ್ಳಿಯ ಅಗತ್ಯವೇ ಕಾಣದೆ ಹೋಗಬಹುದು. ಜಪಾನಿನ ಗಿಯೂ ಹತಾನೊ ಮತ್ತು ಕಯೋಕೊ ಇನಗಾಕಿ 1986ರಲ್ಲಿ ಪರಿಣತಿಯನ್ನು ಎರಡಾಗಿ ವಿಂಗಡಿಸಿದ್ದು ಈ ದೃಷ್ಟಿಯಿಂದ ಬೆಲೆಬಾಳುವಂಥದ್ದು. ಒಂದು, ಗೊತ್ತಿರುವ ಕೆಲಸವನ್ನು ವೇಗವಾಗಿ ತಪ್ಪಿಲ್ಲದೆ ಮಾಡುವ ಪರಿಣತಿ. ಇನ್ನೊಂದು, ಕೆಲಸ ಯಾಕೆ ಹಾಗೆ ನಡೆಯುತ್ತದೆಂದು ಬಲ್ಲದ್ದರಿಂದ, ಸನ್ನಿವೇಶ ಬದಲಾದಾಗ ದಾರಿ ಬದಲಿಸಬಲ್ಲ ಪರಿಣತಿ.

ಮಲೆನಾಡಿನ ಕೆತ್ತನೆಗಾರರಿಗೆ ಆ ಪರೀಕ್ಷೆ ಬಂದದ್ದು ಮರದ ರೂಪದಲ್ಲಿ. ಶ್ರೀಗಂಧ ವಿರಳವಾಯಿತು, ಬೆಲೆ ಏರಿತು, ಎಷ್ಟೋ ಕೆಲಸ ಶಿವನೆ ಮರಕ್ಕೆ ಹೋಯಿತು. ಶಿವನೆ ಹಗುರ, ಗಂಧದಷ್ಟು ಒತ್ತಾದ ಮೈ ಅದಕ್ಕಿಲ್ಲ. ಗಂಧದಲ್ಲಿ ನಿಲ್ಲುವ ಕೂದಲೆಳೆಯ ತೊಟ್ಟು ಇಲ್ಲಿ ಮುರಿಯಬಹುದು. ಹಳೆಯ ನಕ್ಷೆಯನ್ನು ಹಾಗೇ ಅಂಟಿಸಿ ಕೊರೆದರೆ ಅಂಚು ಒರಟಾಗುತ್ತದೆ. ಹೆಣಿಗೆಯನ್ನು ಸಡಿಲಿಸಬೇಕು, ಎಲೆ ದೊಡ್ಡದಾಗಬೇಕು, ಆಳ ಹೆಚ್ಚಬೇಕು. ನಕ್ಷೆಯನ್ನು ಬಾಯಿಪಾಠ ಮಾಡಿದವರಿಗೆ ಇದು ಕಷ್ಟ. ನಕ್ಷೆಯ ಪ್ರತಿ ಅಳತೆಯ ಹಿಂದೆ ಗಂಧದ ಮರದ ಯಾವ ಗುಣ ಇತ್ತೆಂದು ಬಲ್ಲವರು ಹೊಸ ಅಳತೆಯನ್ನು ಕಂಡುಕೊಳ್ಳುತ್ತಾರೆ.

ಇಂಥ ತಿಳಿವಳಿಕೆ ಹೊಸಬರಿಗೆ ದಾಟುವುದು ಹೇಗೆ? ಜೀನ್ ಲೇವ್ 1970ರ ದಶಕದಲ್ಲಿ ಲೈಬೀರಿಯಾದ ದರ್ಜಿಗಳ ನಡುವೆ ಇದ್ದು ಗಮನಿಸಿದ ಸಂಗತಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಬಟ್ಟೆ ಸಿದ್ಧವಾಗುವುದು ಕತ್ತರಿಸುವುದರಿಂದ ಆರಂಭಿಸಿ ಗುಂಡಿ ಹಾಕುವವರೆಗೆ. ಕಲಿಯುವ ಹುಡುಗ ಆರಂಭಿಸುವುದು ಗುಂಡಿ ಹಾಕಿ ಅಂಚು ಮಡಿಚುವುದರಿಂದ, ಕತ್ತರಿ ಅವನ ಕೈಗೆ ಬರುವುದು ಕೊನೆಗೆ. ತಪ್ಪಿದರೆ ನಷ್ಟ ಕಡಿಮೆ ಇರುವ ಕೆಲಸ ಮೊದಲು. ಅದನ್ನು ಮಾಡುತ್ತಲೇ ಪೂರ್ಣಗೊಂಡ ಬಟ್ಟೆ ಹೇಗಿರಬೇಕೆಂಬ ಚಿತ್ರ ತಲೆಯಲ್ಲಿ ನೆಲೆಯೂರುತ್ತದೆ. ನಮ್ಮ ಕೆತ್ತನೆಯ ಮನೆಗಳಲ್ಲೂ ಸಾಮಾನ್ಯವಾಗಿ ಕಿರಿಯರ ಪಾಲಿಗೆ ಬರುವುದು ಉಳಿ ಮಸೆಯುವುದು, ಉಜ್ಜಿ ನುಣುಪು ಮಾಡುವುದು, ಹಿನ್ನೆಲೆ ತಗ್ಗಿಸುವುದು. ಮುಖ, ಕಣ್ಣು, ಬೆರಳು ಹಿರಿಯರವು. ಹಿನ್ನೆಲೆ ತಗ್ಗಿಸುವ ಕೆಲಸ ಬೇಸರದ್ದು ಎನ್ನಿಸಬಹುದು. ಮರದ ನಾರು ಎತ್ತ ಓಡುತ್ತದೆ, ಎಷ್ಟು ಆಳಕ್ಕೆ ನೆರಳು ಬೀಳುತ್ತದೆ ಎಂದು ಬೆರಳಿಗೆ ತಿಳಿಯುವುದು ಮಾತ್ರ ಅಲ್ಲೇ.

ಈಗ ಬಾಗಿಲು, ದೇವರ ಮಂಟಪಗಳ ಕೆತ್ತನೆಗೆ ಸಿಎನ್‌ಸಿ ಯಂತ್ರಗಳು ಸಣ್ಣ ಊರುಗಳಿಗೂ ಬಂದಿವೆ. ಕಂಪ್ಯೂಟರಿನಲ್ಲಿ ಆಳವನ್ನೂ ಸೇರಿಸಿ ತಯಾರಿಸಿದ ನಕ್ಷೆಯನ್ನು ಕೊಟ್ಟರೆ ಯಂತ್ರ ಹಿನ್ನೆಲೆ ತಗ್ಗಿಸಿ, ರೂಪವನ್ನು ಒರಟಾಗಿ ಎಬ್ಬಿಸಿ ಕೊಡುತ್ತದೆ. ಕೊನೆಯ ನಯಗಾರಿಕೆ ಕೈಯದು. ದಣಿವು ತಗ್ಗುತ್ತದೆ, ಕಣ್ಣಿಗೂ ಒಳ್ಳೆಯದು, ಹಾಗಾಗಿ ಯಂತ್ರವನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಯಂತ್ರ ವಹಿಸಿಕೊಂಡಿರುವುದು ಕಿರಿಯರ ಪಾಲಿನ ಕೆಲಸವನ್ನೇ. ಅಲ್ಲಿ ಅವರು ಕಲಿಯುತ್ತಿದ್ದುದನ್ನು ಇನ್ನೊಂದು ಕಡೆ ಕಲಿಸುವ ಏರ್ಪಾಡು ಬೇಕು. ನಕ್ಷೆ ಯಂತ್ರಕ್ಕೆ ಹೋಗುವ ಮೊದಲು ಕಲಿಯುವವನು ಅದೇ ಮರದ ಚೂರೊಂದರ ಮೇಲೆ ಒಂದು ಮೂಲೆಯನ್ನಾದರೂ ಕೈಯಾರೆ ಕೆತ್ತಬೇಕು. ಬಳ್ಳಿ ಎಲ್ಲಿ ತಿರುಗುತ್ತದೆ, ಎಲ್ಲಿ ಮುರಿಯುವ ಭಯವಿದೆ, ಯಾವ ಆಳದಲ್ಲಿ ನಿಲ್ಲಿಸಬೇಕು ಎಂದು ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಯಂತ್ರ ಕೆಲಸ ಮುಗಿಸಿದ ಮೇಲೆ ಹಿರಿಯರೊಂದಿಗೆ ಕುಳಿತು, ಹೇಳಿದ್ದಕ್ಕೂ ಆದದ್ದಕ್ಕೂ ಎಲ್ಲಿ ಅಂತರ ಬಂತೆಂದು ಹಲಗೆಯ ಮೇಲೆ ಬೆರಳಿಟ್ಟು ತೋರಿಸಬೇಕು.